ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿದೆ, ಡಾಕ್ಟರ ವರದಿ ಮೇಲೆ ಅನುಮಾನವಿದೆ: ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಗದಗ ಕಡೆಯ ಒಂದು ಹಳ್ಳಿಯಿಂದ ತಾಯಿ ಮತ್ತು ದೊಡ್ಡ ಮಗ ನನ್ನ ಆಫೀಸಿಗೆ ಬಂದರು. ಸಣ್ಣ ಮಗನಿಗೆ ಹೆಂಡತಿಯ ಕೊಲೆ ಕೇಸಿನಲ್ಲಿ ಜೀವಾವಧಿ ಆಗಿತ್ತು. ತೀರ್ಪು ಬಂದು ಇಪ್ಪತ್ತು ದಿನ ಕಳೆದಿತ್ತು. ಕೈಚೀಲದ ತುಂಬ ಕಾಗದ.

"ಸಾಹೇಬ್ರ, ಡಾಕ್ಟ್ರು ಹೇಳಿದ್ದು ಖರೇ ಅಲ್ರಿ. ಆಕಿ ತಾನ ಉರ್ಲ ಹಾಕ್ಕೊಂಡಾಳ," ಎಂದ ಅಣ್ಣ.

"ಡಾಕ್ಟ್ರು ಏನ್ ಹೇಳ್ಯಾರ?"

"ಹಗ್ಗದಿಂದ ಕುತ್ತಿಗಿ ಬಿಗದು ಕೊಂದಾರ ಅಂತ್ರಿ."

"ಎಲ್ಲಿ ಹೇಳ್ಯಾರ, ತೋರಸ್ರಿ."

ಅವನು ತೀರ್ಪಿನ ಒಂದು ಪುಟ ತೆಗೆದು ಬೆರಳಿಟ್ಟ. ಅದು ಜಡ್ಜ್ ಸಾಹೇಬರು ಬರೆದ ಸಾಲು. ಡಾಕ್ಟರ ಸಾಕ್ಷಿ ಹೇಳಿಕೆ ಆ ಚೀಲದಲ್ಲಿ ಇರಲೇ ಇಲ್ಲ. ಕೇಸು ಮೂರು ವರ್ಷ ನಡೆದಿತ್ತು, ಮನೆಯವರು ಒಬ್ಬರೂ ಅದನ್ನು ಓದಿರಲಿಲ್ಲ.

ನಾನು ಧಾರವಾಡದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಇಂಥ ಕುಟುಂಬಗಳಿಗೆ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದ್ದು ಬೇರೆ, ತೀರ್ಪಿನಲ್ಲಿ ಬಂದಿದ್ದು ಬೇರೆ ಆಗಿರಬಹುದು. ನಿಮ್ಮ ಅಪೀಲಿಗೆ ಬೇಕಾದ ವಿಷಯ ಹೆಚ್ಚಾಗಿ ಆ ಎರಡರ ನಡುವಿನ ಸಂದಿಯಲ್ಲೇ ಇರುತ್ತದೆ. (ಮೇಲೆ ಹೇಳಿದ ಕೇಸಿನ ವಿವರಗಳನ್ನು ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.)

ಮೊದಲು ದಿನ ಎಣಿಸಿ

ಸೆಷನ್ಸ್ ಕೋರ್ಟು ಕೊಟ್ಟ ಶಿಕ್ಷೆಯ ವಿರುದ್ಧ ಮೇಲ್ಮನವಿ ನೇರ ಹೈಕೋರ್ಟಿಗೆ ಹೋಗುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಯವರಿಗೆ ಅದು ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮುಂಚೆ ಇಂಥ ಕೇಸಿಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಧಾರವಾಡ ದಾಟಿ ಬೆಳಗಾವಿ ಹೆದ್ದಾರಿಯಲ್ಲಿ, ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಇಳಿದರೆ ಸಾಕು.

ಜೀವಾವಧಿ ಶಿಕ್ಷೆಯಾದರೆ ಅಪೀಲು ಹಾಕಲು 60 ದಿನ. ಮರಣದಂಡನೆಯಾದರೆ 30 ದಿನ ಮಾತ್ರ. ಮರಣದಂಡನೆಯನ್ನು ದೃಢಪಡಿಸಲು ಸೆಷನ್ಸ್ ಕೋರ್ಟು ತಾನೇ ಹೈಕೋರ್ಟಿಗೆ ಕಡತ ಕಳಿಸುತ್ತದೆ. ಆದರೂ ನಿಮ್ಮ ಅಪೀಲು ಬೇರೆ ಹಾಕಲೇಬೇಕು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಹಾಗಾಗಿ ನಕಲಿಗೆ ಅರ್ಜಿ ಕೊಟ್ಟ ತಾರೀಕು ಮತ್ತು ನಕಲು ರೆಡಿಯಾದ ತಾರೀಕು, ಎರಡೂ ಇರುವ ಆ ಹಿಂಬದಿಯ ಸೀಲು ಕಿತ್ತುಹೋಗದ ಹಾಗೆ ನೋಡಿಕೊಳ್ಳಿ.

ದಿನ ಮೀರಿ ಹೋಗಿದ್ದರೆ ಕೈ ಚೆಲ್ಲಬೇಡಿ. ತಡ ಮನ್ನಿಸಿ ಎಂದು ಅರ್ಜಿ, ಜೊತೆಗೆ ಅಫಿಡವಿಟ್ ಹಾಕಬಹುದು. ಜೈಲಿನಲ್ಲಿರುವ ಬಡವನ ಅಪೀಲಿನಲ್ಲಿ ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಕೋರ್ಟು ಸಾಮಾನ್ಯವಾಗಿ ಒಪ್ಪುತ್ತದೆ. ದುಡ್ಡು ಹೊಂದಿಸಲು ಆಗಲಿಲ್ಲ, ಹೊಲದ ಕೆಲಸ ಇತ್ತು, ಯಾರಿಗೆ ಕೇಳಬೇಕು ಗೊತ್ತಿರಲಿಲ್ಲ: ನಿಜ ಏನಿದೆಯೋ ಅದನ್ನೇ ಬರೆಸಿ. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತಂದು ಕೊಡುವವರಿದ್ದಾರೆ. ಮೆಡಿಕಲ್ ಸಾಕ್ಷ್ಯವೇ ಸರಿಯಿಲ್ಲ ಎಂದು ಹೋಗುವ ಕೇಸಿನಲ್ಲಿ ನೀವೇ ಸುಳ್ಳು ಸರ್ಟಿಫಿಕೇಟ್ ಹಾಕಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ದುಡ್ಡಿಲ್ಲದಿದ್ದರೆ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಜೈಲಿನಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಕೇಳಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸು ಜಿಲ್ಲಾ ಕೋರ್ಟಿನಲ್ಲೇ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಜೈಲಿನೊಳಗಿಂದ ಸೂಪರಿಂಟೆಂಡೆಂಟ್ ಮೂಲಕ ಅಪೀಲು ಕಳಿಸುವ ದಾರಿಯೂ ಇದೆ. 'ಫ್ರೀ ವಕೀಲ ಅಂದ್ರೆ ಕೆಲಸ ಮಾಡಲ್ಲ' ಎಂಬ ಮಾತು ಜಾಸ್ತಿ ಕೇಳುತ್ತೇನೆ. ಎಲ್ಲರೂ ಹಾಗಿಲ್ಲ. ಫೀಸು ತಗೊಂಡವರೆಲ್ಲ ಕೆಲಸ ಮಾಡುತ್ತಾರೆ ಅಂತಲೂ ಇಲ್ಲ.

ಯಾವ ಯಾವ ಕಾಗದ ಬೇಕು

ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಯಾದವನಿಗೆ ಕೋರ್ಟು ಪುಕ್ಕಟೆ ಕೊಡಬೇಕು. ಅದು ಕಾನೂನಿನಲ್ಲೇ ಇದೆ. ಆದರೆ ಮೆಡಿಕಲ್ ಅಂಶದ ಮೇಲೆ ಅಪೀಲು ಕಟ್ಟಲು ತೀರ್ಪು ಒಂದೇ ಸಾಲದು. ಈ ಕೆಳಗಿನವುಗಳಿಗೆ ನಕಲು ಅರ್ಜಿ ಹಾಕಿ, ಇಲ್ಲವೇ ಕೆಳಗಿನ ಕೋರ್ಟಿನಲ್ಲಿ ಕೇಸು ನಡೆಸಿದ ವಕೀಲರ ಫೈಲಿನಿಂದ ತೆಗೆದುಕೊಳ್ಳಿ:

- ಶವ ಪಂಚನಾಮೆ. ಪೊಲೀಸರು ಹೆಣ ನೋಡಿದ ಕೂಡಲೇ ಪಂಚರ ಮುಂದೆ ಬರೆದದ್ದು.
- ಮರಣೋತ್ತರ ಪರೀಕ್ಷೆ ವರದಿ, ಅಂದರೆ ಪಿಎಂ ರಿಪೋರ್ಟ್. ಅಂತಿಮ ಅಭಿಪ್ರಾಯವನ್ನು ಎಷ್ಟೋ ಸಲ ಬೇರೆ ಹಾಳೆಯಲ್ಲಿ ಆಮೇಲೆ ಕೊಟ್ಟಿರುತ್ತಾರೆ, ಅದೂ ಬೇಕು.
- ಆಯುಧ ನೋಡಿ ಡಾಕ್ಟರು ಕೊಟ್ಟ ಅಭಿಪ್ರಾಯ.
- ಗಾಯಾಳುವಾಗಿ ಆಸ್ಪತ್ರೆಗೆ ಹೋಗಿದ್ದರೆ ಮೊದಲ ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್, ಎಂಎಲ್‌ಸಿ (ಪೊಲೀಸ್ ಕೇಸೆಂದು ಆಸ್ಪತ್ರೆ ಬರೆದುಕೊಂಡ) ವಿವರ, ಮತ್ತು ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆ.
- ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ಯಾವ ಸೀಲಿನಲ್ಲಿ, ಯಾರ ಕೈಯಲ್ಲಿ, ಯಾವತ್ತು ಹೋಯಿತು ಎಂಬ ಪತ್ರಗಳ ಸಮೇತ.
- ಡಾಕ್ಟರ, ತನಿಖಾಧಿಕಾರಿಯ ಮತ್ತು ಪಂಚರ ಸಾಕ್ಷಿ ಹೇಳಿಕೆ, ಪಾಟಿ ಸವಾಲಿನ (ಎದುರು ಕಡೆಯ ವಕೀಲರು ಕೇಳಿದ ಪ್ರಶ್ನೆಗಳ) ಸಮೇತ ಪೂರ್ತಿ.
- ಕೊನೆಗೆ ಜಡ್ಜ್ ಆರೋಪಿಗೆ ಕೇಳಿದ ಪ್ರಶ್ನೆಗಳು ಮತ್ತು ಅವನ ಉತ್ತರ. ವಕೀಲರು ಇದನ್ನು 313 ಎನ್ನುತ್ತಾರೆ. ಹೊಸ ಸಂಹಿತೆಯಲ್ಲಿ ಅದು 351.

ನಂಬರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಕೊಲೆಗೆ ಮೊದಲು ಐಪಿಸಿ 302 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 103. ಘಟನೆ ಆ ತಾರೀಕಿಗಿಂತ ಮೊದಲಿನದಾದರೆ ಶಿಕ್ಷೆ 302ರ ಕೆಳಗೇ ಆಗಿರುತ್ತದೆ. ಕೇಸು ನಡೆಸುವ ರೀತಿಯ ಕಾನೂನು ಬೇರೆ: ಮೊದಲು ಸಿಆರ್‌ಪಿಸಿ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರಲ್ಲಿ ಅಪೀಲಿನ ಕಲಮು ಮೊದಲು 374, ಈಗ 415. ಶಿಕ್ಷೆ ಅಮಾನತಿಗೆ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನು ಕೊಡುವುದಕ್ಕೆ, 389 ಇದ್ದದ್ದು ಈಗ 430. ನಂಬರು ಬದಲಾಗಿದ್ದಕ್ಕೆ ಗಾಬರಿ ಬೇಡ, ಒಳಗಿನ ತಿರುಳು ಹೆಚ್ಚುಕಮ್ಮಿ ಅದೇ.

ನಮ್ಮ ಭಾಗದ ಒಂದು ವಿಶೇಷ ಹೇಳಬೇಕು. ಹಾವೇರಿ, ಗದಗ ಕಡೆ ಹೊಡೆದಾಟದಲ್ಲಿ ತಲೆಗೆ ಪೆಟ್ಟಾದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆಗೆ ತರುತ್ತಾರೆ. ಸಾವು ಅಲ್ಲಿ ಆಗುತ್ತದೆ, ಪಿಎಂ ಕೂಡ ಅಲ್ಲೇ. ಹಾಗಾಗಿ ಒಂದೇ ದೇಹದ ಬಗ್ಗೆ ಎರಡು ಮೂರು ಡಾಕ್ಟರು ಬರೆದಿರುತ್ತಾರೆ. ತಾಲ್ಲೂಕು ಆಸ್ಪತ್ರೆಯವರು 'ಎತ್ತಿನ ಗಾಡಿಯಿಂದ ಬಿದ್ದದ್ದು ಎಂದು ಹೇಳಿದರು' ಎಂದು ಬರೆದುಕೊಂಡಿರಬಹುದು. ಕೇಸ್ ಶೀಟಿನಲ್ಲಿ 'ಬಡಿಗೆಯಿಂದ ಹೊಡೆತ' ಇರಬಹುದು. ಮೊದಲು ನೋಡಿದಾಗ ಗಾಯ ಎರಡು, ಪಿಎಂನಲ್ಲಿ ಐದು. ಉಳಿದ ಮೂರರಲ್ಲಿ ಎರಡು ಆಪರೇಷನ್ ಮಾಡಿದ ಗುರುತು, ಇನ್ನೊಂದು ಡ್ರಿಪ್ ಹಾಕಿದ್ದು ಇರಬಹುದು. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡುವವರೆಗೆ ಗೊತ್ತಾಗುವುದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಸಾಕ್ಷಿಯಾಗಿ ಕರೆಸಿಯೇ ಇಲ್ಲ ಎಂದಾದರೆ ಅದನ್ನು ದೊಡ್ಡದಾಗಿ ಗುರುತು ಹಾಕಿ.

ಡಾಕ್ಟರ ಹೇಳಿಕೆ ಓದುವ ರೀತಿ

ಗದಗದ ಆ ಕೇಸಿಗೆ ವಾಪಸ್ ಬರುತ್ತೇನೆ. ವಾರದ ನಂತರ ಅಣ್ಣ ನಕಲು ತಂದ. ಟೇಬಲ್ ಮೇಲೆ ಮೂರು ಕಾಗದ ಪಕ್ಕಪಕ್ಕ ಇಟ್ಟೆವು.

ಪಿಎಂ ರಿಪೋರ್ಟಿನಲ್ಲಿ ಕುತ್ತಿಗೆಯ ಗುರುತಿನ ವಿವರ ಹೀಗಿತ್ತು: ಗಂಟಲ ಮಣಿಯ ಮೇಲ್ಭಾಗದಲ್ಲಿ, ಗದ್ದದ ಕೆಳಗಿನಿಂದ ಓರೆಯಾಗಿ ಎಡಗಿವಿಯ ಹಿಂದಕ್ಕೆ ಏರಿದೆ, ಕತ್ತಿನ ಹಿಂಭಾಗದಲ್ಲಿ ಗುರುತು ಇಲ್ಲ. ಸಾವಿಗೆ ಕಾರಣ: ಕತ್ತಿನ ಮೇಲೆ ಒತ್ತಡ ಬಿದ್ದು ಉಸಿರುಗಟ್ಟಿದ್ದು. ಅಷ್ಟೇ.

ಡಾಕ್ಟರು ಮುಖ್ಯ ವಿಚಾರಣೆಯಲ್ಲಿ ಹೇಳಿದ್ದು: "ಹಗ್ಗದಿಂದ ಬಿಗಿದರೆ ಇಂಥ ಸಾವು ಆಗಬಹುದು." ಪಾಟಿ ಸವಾಲಿನಲ್ಲಿ ಒಂದೇ ಸಾಲು: "ನೇಣು ಹಾಕಿಕೊಂಡರೂ ಸಾವಿಗೆ ಇದೇ ಕಾರಣ ಬರುತ್ತದೆ ಎಂದರೆ ಸರಿ." ಮುಂದೆ ಯಾರೂ ಏನೂ ಕೇಳಿಲ್ಲ.

ತೀರ್ಪಿನಲ್ಲಿ: "ಕತ್ತು ಬಿಗಿದು ಕೊಲೆ ಮಾಡಲಾಗಿದೆ ಎಂದು ವೈದ್ಯರು ಸ್ಪಷ್ಟವಾಗಿ ನುಡಿದಿದ್ದಾರೆ."

'ಆಗಬಹುದು' ಎಂಬುದು 'ಆಗಿದೆ' ಆಗಿತ್ತು. ನೇಣಿನಲ್ಲೂ ಬಿಗಿತದಲ್ಲೂ ಕತ್ತಿನ ಮೇಲೆ ಒತ್ತಡ ಬೀಳುತ್ತದೆ, ಉಸಿರೂ ಕಟ್ಟುತ್ತದೆ. ಹಾಗಾಗಿ ಆ ಕಾರಣ ಎರಡಕ್ಕೂ ಹೊಂದುತ್ತದೆ. ಎರಡನ್ನು ಬೇರೆ ಮಾಡುವುದು ಗುರುತಿನ ಜಾಗ ಮತ್ತು ದಿಕ್ಕು. ನೇಣಿನಲ್ಲಿ ದೇಹದ ಭಾರ ಎಳೆಯುವುದರಿಂದ ಗುರುತು ಸಾಮಾನ್ಯವಾಗಿ ಮೇಲೆ, ಓರೆಯಾಗಿ, ಗಂಟಿನ ಕಡೆ ತುಂಡಾಗಿ ಇರುತ್ತದೆ. ಹಗ್ಗದಿಂದ ಬಿಗಿದಾಗ ಕೆಳಗೆ, ಅಡ್ಡಲಾಗಿ, ಸುತ್ತಲೂ ಬರುವುದು ಜಾಸ್ತಿ. ಬಾಯಿ ಅಂಚಿನಿಂದ ಜೊಲ್ಲು ಇಳಿದ ಗುರುತು ನೇಣಿನ ಕಡೆ ಬೆರಳು ತೋರಿಸುತ್ತದೆ. ಮೈಮೇಲೆ ಒದ್ದಾಡಿದ ಗಾಯ, ಕತ್ತಿನ ಒಳ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಅದು ಬಿಗಿತದ ಕಡೆ. ನಾಲಿಗೆ ಮೂಳೆ ಮುರಿದಿಲ್ಲ ಎಂಬ ಒಂದೇ ಕಾರಣಕ್ಕೆ ಕೊಲೆ ಅಲ್ಲ ಎನ್ನಲು ಆಗದು. ಎಳೆ ವಯಸ್ಸಿನವರಲ್ಲಿ ಅದು ಬಾಗುತ್ತದೆ, ನಲವತ್ತು ದಾಟಿದವರಲ್ಲಿ ಮುರಿಯುವ ಸಂಭವ ಹೆಚ್ಚು.

ಈಗ ನಿಮ್ಮ ಕೇಸಿನ ಡಾಕ್ಟರ ಹೇಳಿಕೆ ತೆಗೆದುಕೊಳ್ಳಿ. ಎರಡು ಬಣ್ಣದ ಪೆನ್ನು ಹಿಡಿಯಿರಿ. ಡಾಕ್ಟರು ಕಣ್ಣಾರೆ ಕಂಡದ್ದಕ್ಕೆ ಒಂದು ಬಣ್ಣ, ಊಹಿಸಿ ಹೇಳಿದ್ದಕ್ಕೆ ಇನ್ನೊಂದು. 'ಇರಬಹುದು', 'ಸಾಧ್ಯ', 'ಸಾಧ್ಯತೆ ತಳ್ಳಿಹಾಕಲಾಗದು' ಎಲ್ಲವೂ ಎರಡನೇ ಬಣ್ಣ. ಇನ್ನೂ ಒಂದು ಮಾತು. ಪಿಎಂ ರಿಪೋರ್ಟ್ ಇಂಗ್ಲಿಷಿನಲ್ಲಿದ್ದು, ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಂಡಿರುವಾಗ ಅರ್ಥ ಜಾರುತ್ತದೆ. ಒಂದು ಕೇಸಿನಲ್ಲಿ ವರದಿಯ 'ತರಚು ಗಾಯ' ಹೇಳಿಕೆಯಲ್ಲಿ 'ಕೊಯ್ದ ಗಾಯ' ಆಗಿದ್ದನ್ನು ನಾನೇ ನೋಡಿದ್ದೇನೆ. ಕೊಡಲಿ ಜಪ್ತಾಗಿತ್ತು, ಗಾಯವೂ 'ಕೊಯ್ದದ್ದು' ಆಯಿತು.

ಎಲ್ಲೆಲ್ಲಿ ಅನುಮಾನ ಸಿಗುತ್ತದೆ

ಸಾವಿನ ಹೊತ್ತು. ಡಾಕ್ಟರು '12ರಿಂದ 24 ತಾಸಿನ ಹಿಂದೆ' ಎಂದು ದೊಡ್ಡ ಅಂತರ ಕೊಟ್ಟಿರುತ್ತಾರೆ, ತೀರ್ಪಿನಲ್ಲಿ ಅದು 'ರಾತ್ರಿ 9ಕ್ಕೆ ಸರಿಹೊಂದುತ್ತದೆ' ಎಂದಾಗಿರುತ್ತದೆ. ಅದು ಮರುದಿನ ನಸುಕಿನ 3ಕ್ಕೂ ಹೊಂದುತ್ತದೆ ಅಲ್ವಾ? ಸತ್ತ ಒಂದೆರಡು ತಾಸಿನಲ್ಲಿ ಕಣ್ಣುರೆಪ್ಪೆ, ದವಡೆಯಿಂದ ಮೈ ಬಿಗಿಯಲು ಶುರುವಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಿಗಿತ ಬೇಗ ಬಂದು ಬೇಗ ಹೋಗುತ್ತದೆ, ಚಳಿಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಹೆಣವನ್ನು ಶೀತಲ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಲೆಕ್ಕವೇ ಬೇರೆ. ಹೊಟ್ಟೆಯಲ್ಲಿ ರೊಟ್ಟಿಯ ಚೂರು ಇತ್ತು, ಹಾಗಾಗಿ ಊಟವಾದ ಎರಡೇ ತಾಸಿಗೆ ಸಾವು ಎನ್ನುವ ವಾದ ತುಂಬಾ ದುರ್ಬಲ. ಜೀರ್ಣವಾಗುವ ವೇಗ ಊಟ, ಭಯ, ಕುಡಿತ, ಪೆಟ್ಟು ಎಲ್ಲದರ ಮೇಲೆ ನಿಂತಿದೆ. 'ಕೊನೆಗೆ ಇವರಿಬ್ಬರೇ ಜೊತೆಯಲ್ಲಿದ್ದರು' ಎಂಬ ಸಾಕ್ಷಿಯ ಮೇಲೆ ನಿಂತ ಕೇಸಿನಲ್ಲಿ ಈ ಹೊತ್ತಿನ ಲೆಕ್ಕವೇ ಕೇಸಿನ ಜೀವ.

ವಿಷದ ಕೇಸು. ಹೊಲಕ್ಕೆ ಹೊಡೆಯುವ ಎಣ್ಣೆ ನಮ್ಮಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ. ವಿಸೆರಾವನ್ನು (ಪರೀಕ್ಷೆಗೆ ತೆಗೆದ ಒಳ ಅಂಗಗಳ ತುಂಡು) ಸಾಮಾನ್ಯವಾಗಿ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಿ, ಸೀಲು ಮಾಡಿ, ಮಾದರಿ ಸೀಲಿನ ಜೊತೆ ಕಳಿಸಬೇಕು. ಪಿಎಂ ಆದ ದಿನಕ್ಕೂ ಪ್ರಯೋಗಾಲಯ ತಲುಪಿದ ದಿನಕ್ಕೂ ನಡುವೆ ಅದು ಯಾವ ಠಾಣೆಯ ಕಪಾಟಿನಲ್ಲಿ ಇತ್ತು, ಒಯ್ದ ಕಾನ್‌ಸ್ಟೆಬಲ್ ಸಾಕ್ಷಿ ಹೇಳಿದ್ದಾರಾ, ನೋಡಿ. 1984ರ ಶರದ್ ಸಾರ್ಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿಷದ ಕೊಲೆಗೆ ನಾಲ್ಕು ವಿಷಯ ಕೇಳಿದೆ: ಉದ್ದೇಶ, ಸಾವು ವಿಷದಿಂದಲೇ ಎಂಬುದು, ಆರೋಪಿಯ ಬಳಿ ಆ ವಿಷ ಇತ್ತೆಂಬುದು, ಕೊಡುವ ಅವಕಾಶ ಇತ್ತೆಂಬುದು. ವರದಿಯಲ್ಲಿ ವಿಷ ಸಿಕ್ಕಿತು ಎಂದ ಮಾತ್ರಕ್ಕೆ ಕೊಟ್ಟವರು ಯಾರು ಎಂಬುದು ಗೊತ್ತಾಗುವುದಿಲ್ಲ, ತಾವೇ ಕುಡಿದಿರಬಹುದು. ಪ್ರತ್ಯಕ್ಷ ಸಾಕ್ಷಿ ಇಲ್ಲದ ಎಲ್ಲ ಕೇಸಿಗೂ ಇದೇ ತೀರ್ಪಿನ 'ಪಂಚಶೀಲ' ಎನ್ನುವ ಐದು ಸೂತ್ರಗಳೇ ಇವತ್ತಿಗೂ ಅಳತೆಗೋಲು.

ಸುಟ್ಟ ಗಾಯ. ಉಸಿರುನಾಳದಲ್ಲಿ ಮಸಿ ಸಿಕ್ಕರೆ ಬೆಂಕಿ ಹತ್ತಿದಾಗ ಜೀವ ಇತ್ತು ಎಂದರ್ಥ. ಕೈಮುಷ್ಟಿ ಬಿಗಿದು ಹೊಡೆದಾಡುವ ಭಂಗಿಯಲ್ಲಿ ದೇಹ ಇದ್ದರೆ ಅದು ಜಗಳದ ಗುರುತಲ್ಲ, ಶಾಖಕ್ಕೆ ಸ್ನಾಯು ಸೆಟೆದದ್ದು. ಮರಣಪೂರ್ವ ಹೇಳಿಕೆ ಇದ್ದಲ್ಲಿ, ಹೇಳುವಾಗ ಅವರಿಗೆ ಪ್ರಜ್ಞೆ ಇತ್ತಾ, ನೋವಿನ ಇಂಜೆಕ್ಷನ್ ಯಾವಾಗ ಕೊಟ್ಟರು ಎಂಬುದನ್ನು ಕೇಸ್ ಶೀಟಿನ ಸಮಯದ ಜೊತೆ ತಾಳೆ ನೋಡಿ. ಆದರೆ ಡಾಕ್ಟರ ಸಹಿ ಇಲ್ಲ ಎಂಬ ಒಂದೇ ಕಾರಣಕ್ಕೆ ಹೇಳಿಕೆ ಬಿದ್ದುಹೋಗುವುದಿಲ್ಲ. 2002ರ ಲಕ್ಷ್ಮಣ್ ಕೇಸಿನಲ್ಲಿ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ: ಬರೆದುಕೊಂಡವರಿಗೆ ಪ್ರಜ್ಞೆ ಸರಿಯಿದೆ ಎಂದು ಮನವರಿಕೆಯಾಗಿದ್ದರೆ ಸಾಕು.

ಸತ್ತ ಮೇಲೆ ಇರುವೆ ಕಚ್ಚಿದ್ದು ತರಚು ಗಾಯದಂತೆ ಕಾಣುತ್ತದೆ. ಹೊಲದಲ್ಲಿ ಸಿಕ್ಕ ಹೆಣದಲ್ಲಿ ಇದನ್ನು ಮರೆಯಬೇಡಿ.

ಎಲ್ಲಿ ಸುಮ್ನೆ ಹೊತ್ತು ಕಳೆಯಬಾರದು

ಕುಟುಂಬದವರು ಜಾಸ್ತಿ ಹಿಡಿದುಕೊಳ್ಳುವ ವಾದ ಒಂದಿದೆ: "ಪೆಟ್ಟಿನಿಂದ ಸತ್ತಿಲ್ರಿ, ದವಾಖಾನ್ಯಾಗ ಸರಿಯಾಗಿ ನೋಡ್ಲಿಲ್ಲ, ಅದಕ್ಕ ಸತ್ತಾರ." ಇದು ಅಂದುಕೊಂಡಷ್ಟು ಕೆಲಸಕ್ಕೆ ಬರುವುದಿಲ್ಲ. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದರು ಎಂದಾದರೂ, ಗಾಯ ಮಾಡಿದವನೇ ಸಾವಿಗೆ ಕಾರಣ ಎಂದು ಕಾನೂನಿನಲ್ಲೇ ವಿವರಣೆ ಇದೆ. ಐಪಿಸಿ 299ರ ಎರಡನೇ ವಿವರಣೆ ಅದು, ಹೊಸದರಲ್ಲಿ ಕಲಮು 100.

ಹಾಗಂತ ದಿನಗಳ ಅಂತರಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಪೆಟ್ಟಾಗಿ ಇಪ್ಪತ್ತು ದಿನದ ಮೇಲೆ ನಂಜೇರಿ ಸತ್ತಿದ್ದರೆ, ಆ ಗಾಯ ಸಹಜವಾಗಿ ಸಾವು ತರುವಷ್ಟು ಗಂಭೀರವಿತ್ತಾ ಎಂಬ ಪ್ರಶ್ನೆ ಏಳುತ್ತದೆ. 1958ರ ವಿರ್ಸಾ ಸಿಂಗ್ ತೀರ್ಪು ಇದರ ಬುನಾದಿ. ಡಾಕ್ಟರು ಆ ಮಾತನ್ನು ಹೇಳಿಯೇ ಇಲ್ಲದಿದ್ದರೆ ಕೊಲೆಯ ಶಿಕ್ಷೆ 304ಕ್ಕೆ, ಅಂದರೆ ಕೊಲೆಯಲ್ಲದ ನರಹತ್ಯೆಗೆ ಇಳಿಯಬಹುದು. ಅದರ ಎರಡನೇ ಭಾಗದಲ್ಲಿ ಶಿಕ್ಷೆ ಹೆಚ್ಚೆಂದರೆ 10 ವರ್ಷ. ಜೈಲಿನಲ್ಲಿ ಈಗಾಗಲೇ ಏಳೆಂಟು ವರ್ಷ ಕಳೆದವನಿಗೆ ಇದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ಬಿಡುಗಡೆಯೇ ಬೇಕು ಎಂದು ಹಠ ಹಿಡಿದು ಈ ವಾದ ಬಿಟ್ಟುಕೊಡುವವರನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತದೆ.

ಕಣ್ಣಾರೆ ಕಂಡ ಸಾಕ್ಷಿ ಇದ್ದರೆ ಮೆಡಿಕಲ್ ವಾದದ ಬಲ ಕಡಿಮೆ. ಡಾಕ್ಟರ ಅಭಿಪ್ರಾಯಕ್ಕಿಂತ ಕಂಡವರ ಮಾತಿಗೆ ತೂಕ ಜಾಸ್ತಿ ಎಂಬುದು ಸಾಮಾನ್ಯ ನಿಯಮ. ಆದರೆ ಕಂಡವರು ಹೇಳಿದಂತೆ ನಡೆದಿರಲು ಸಾಧ್ಯವೇ ಇಲ್ಲ ಎಂದು ಮೆಡಿಕಲ್ ಸಾಕ್ಷ್ಯ ತೋರಿಸಿದರೆ ಆ ಸಾಕ್ಷಿಯನ್ನು ನಂಬದಿರಬಹುದು. 2010ರ ಅಬ್ದುಲ್ ಸಯೀದ್ ತೀರ್ಪು ಇದನ್ನು ಚೊಕ್ಕವಾಗಿ ಹೇಳುತ್ತದೆ. ಮೂವರು ಕೊಡಲಿಯಿಂದ ಹತ್ತು ಹೊಡೆತ ಹೊಡೆದರು ಎಂದು ಸಾಕ್ಷಿ, ಮೈಮೇಲೆ ಮೊಂಡು ಪೆಟ್ಟಿನ ಒಂದೇ ಗಾಯ: ಹೀಗಿದ್ದರೆ ಮಾತಿದೆ. ಗಾಯ ಎಡಕ್ಕೋ ಬಲಕ್ಕೋ, ಮೂರು ಇಂಚೋ ನಾಲ್ಕು ಇಂಚೋ ಎಂಬ ಚಿಕ್ಕ ವ್ಯತ್ಯಾಸದ ಹಿಂದೆ ಬಿದ್ದರೆ ದೊಡ್ಡ ಅಂಶವೂ ತೆಳುವಾಗುತ್ತದೆ.

ಅಪೀಲು ಬರೆಯುವುದು, ಹಾಕುವುದು

ಅಪೀಲು ಮೆಮೊ, ತೀರ್ಪಿನ ದೃಢೀಕೃತ ನಕಲು, ವಕಾಲತ್ತು, ಶಿಕ್ಷೆ ಅಮಾನತಿನ ಅರ್ಜಿ, ತಡವಾಗಿದ್ದರೆ ಅದರ ಅರ್ಜಿ. ವಕಾಲತ್ತಿಗೆ ಜೈಲಿನಲ್ಲಿರುವವನ ಸಹಿ ಬೇಕು, ಅದಕ್ಕೆ ಜೈಲು ಅಧಿಕಾರಿಯ ದೃಢೀಕರಣವೂ ಬೇಕು. ಇದಕ್ಕೇ ಎಷ್ಟೋ ಸಲ ವಾರ ಹಿಡಿಯುತ್ತದೆ. ಅವನು ಧಾರವಾಡದ ಜೈಲಿನಲ್ಲೋ ಬೆಳಗಾವಿಯ ಹಿಂಡಲಗಾ ಜೈಲಿನಲ್ಲೋ ಎಂದು ಮೊದಲು ತಿಳಿದುಕೊಂಡು ಹೋಗಿ. ಧಾರವಾಡ ಪೀಠದ ಕೇಸಿನ ನಂಬರು ಒಂದು ಲಕ್ಷದ ಮೇಲೆ, 100ರಿಂದ ಶುರುವಾಗುತ್ತದೆ. 'ಅಷ್ಟು ಕೇಸು ನಮ್ಮ ಮುಂದೆ ಇವೆಯಾ' ಎಂದು ಹೆದರಬೇಡಿ. ಪೀಠ ಗುರುತಿಸಲು ಕೊಟ್ಟ ನಂಬರು ಅದು.

ಮೆಮೊದಲ್ಲಿ 'ತೀರ್ಪು ಕಾನೂನಿಗೆ ವಿರುದ್ಧ, ಸಾಕ್ಷ್ಯಕ್ಕೆ ವಿರುದ್ಧ' ಎಂಬ ಹಳೇ ಸಾಲುಗಳನ್ನೇ ತುಂಬಿಸಿದರೆ ಪ್ರಯೋಜನ ಕಮ್ಮಿ. ಮೆಡಿಕಲ್ ಅಂಶವನ್ನು ಬಿಡಿಬಿಡಿಯಾಗಿ ಬರೆಸಿ. ಯಾವ ಸಾಕ್ಷಿ, ಯಾವ ಪುಟ, ಡಾಕ್ಟರ ಮಾತು ಏನು, ತೀರ್ಪಿನ ಯಾವ ಪ್ಯಾರಾದಲ್ಲಿ ಅದು ಹೇಗೆ ಬದಲಾಯಿತು. ಇನ್ನೊಂದು ಕಡೆ ಕಣ್ಣು ಹಾಯಿಸಿ: ಶಿಕ್ಷೆಗೆ ಆಧಾರವಾದ ಮೆಡಿಕಲ್ ಅಂಶವನ್ನು 313ರಲ್ಲಿ ಆರೋಪಿಗೆ ಕೇಳಿದ್ದಾರಾ? ಡಾಕ್ಟರ ಇಡೀ ಹೇಳಿಕೆಯನ್ನು ಒಂದೇ ಪ್ರಶ್ನೆಯಲ್ಲಿ ಸುತ್ತಿಟ್ಟಿದ್ದರೆ, ಅದರಿಂದ ಅವನಿಗೆ ಏನು ತೊಂದರೆಯಾಯಿತು ಎಂಬುದನ್ನೂ ಮೆಮೊದಲ್ಲಿ ಹೇಳಬೇಕು.

ಶಿಕ್ಷೆ ಅಮಾನತು

ಜೀವಾವಧಿಯಾದವನಿಗೆ ಸೆಷನ್ಸ್ ಕೋರ್ಟು ಜಾಮೀನು ಕೊಡಲು ಬರುವುದಿಲ್ಲ. ಹೈಕೋರ್ಟೇ ಕೊಡಬೇಕು, ಅದೂ ಸರ್ಕಾರಿ ವಕೀಲರ ಮಾತು ಕೇಳಿದ ಮೇಲೆ. ಈ ಹಂತದಲ್ಲಿ ಕೋರ್ಟು ಸಾಕ್ಷ್ಯವನ್ನು ಎಳೆ ಎಳೆಯಾಗಿ ಬಿಡಿಸುವುದಿಲ್ಲ. ಮೇಲ್ನೋಟಕ್ಕೇ ಎದ್ದು ಕಾಣುವ ತಪ್ಪು ಬೇಕು ಎಂದು 2023ರ ಓಂಪ್ರಕಾಶ್ ಸಾಹ್ನಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಹತ್ತು ಅಂಶ ಬೇಡ. ಎದ್ದು ಕಾಣುವ ಒಂದನ್ನು ಹಿಡಿಯಿರಿ. ಗದಗದ ಕೇಸಿನಲ್ಲಿ ನಾನು ಪಿಎಂ ರಿಪೋರ್ಟಿನ ಆ ಗುರುತಿನ ಸಾಲು ಮತ್ತು ಪಾಟಿ ಸವಾಲಿನ ಒಂದು ಸಾಲನ್ನಷ್ಟೇ ಮುಂದಿಟ್ಟೆ.

ಮೊದಲ ಸಲ ಅರ್ಜಿ ತಿರಸ್ಕಾರವಾದರೂ ಕೆಲ ವರ್ಷದ ನಂತರ ಮತ್ತೆ ಹಾಕಬಹುದು. ಅಪೀಲು ಕೇಳಲು ವರ್ಷಗಟ್ಟಲೆ ಆಗುವಾಗ ಮನುಷ್ಯನನ್ನು ಒಳಗೇ ಇಡುವುದು ಸರಿಯಲ್ಲ ಎಂದು 1977ರ ಕಾಶ್ಮೀರಾ ಸಿಂಗ್ ತೀರ್ಪು ಹೇಳಿದೆ. ಅಮಾನತು ಸಿಕ್ಕಿತೆಂದರೆ ಜಾಮೀನುದಾರರು, ಪಹಣಿ, ಆಧಾರ್ ರೆಡಿ ಇಟ್ಟುಕೊಳ್ಳಿ. ದಂಡ ಕಟ್ಟುವ ಷರತ್ತಿದ್ದರೆ ಅದೂ ಮೊದಲು. ಆದೇಶವಾದ ಮೇಲೂ ಜಾಮೀನುದಾರ ಸಿಗದೆ ಒಳಗೇ ಉಳಿದವರಿದ್ದಾರೆ.

ಹೊಸ ಡಾಕ್ಟರ ಅಭಿಪ್ರಾಯ ತರಬಹುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ತರಬಹುದು, ಆದರೆ ಬಾಗಿಲು ಸಣ್ಣದು. ಹೈಕೋರ್ಟು ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳಲು ಮೊದಲು 391, ಈಗ 432ನೇ ಕಲಮು ಇದೆ. ವಿಚಾರಣೆಯ ಕಾಲದಲ್ಲಿ ಎಷ್ಟು ಪ್ರಯತ್ನಿಸಿದರೂ ತರಲು ಆಗಲಿಲ್ಲ, ಅಥವಾ ಆ ವಿಷಯ ಆಮೇಲೆ ಬೆಳಕಿಗೆ ಬಂತು ಎಂದು ತೋರಿಸಬೇಕು. 2024ರ ಅಜಿತ್‌ಸಿಂಹ ರಾಥೋಡ್ ತೀರ್ಪು ಇದನ್ನೇ ಒತ್ತಿ ಹೇಳಿದೆ. 'ಆಗ ವಕೀಲರು ಕೇಳಲಿಲ್ಲ' ಎಂಬ ಒಂದೇ ಕಾರಣ ನಿಲ್ಲುವುದು ಕಷ್ಟ. ಖಾಸಗಿಯಾಗಿ ಬರೆಸಿಕೊಂಡು ತಂದ ಅಭಿಪ್ರಾಯವನ್ನು ಸುಮ್ನೆ ಅಪೀಲಿಗೆ ಲಗತ್ತಿಸಿದರೆ ಅದು ಸಾಕ್ಷ್ಯವಾಗುವುದಿಲ್ಲ. ಆ ಡಾಕ್ಟರು ಬಂದು ಹೇಳಿ, ಪಾಟಿ ಸವಾಲು ಎದುರಿಸಬೇಕು. ವೈದ್ಯಕೀಯ ಪಠ್ಯಪುಸ್ತಕದ ಸಾಲು ಓದಿ ಡಾಕ್ಟರ ಮಾತು ತಪ್ಪು ಎನ್ನುವುದಕ್ಕೂ ಅಡ್ಡಿ ಇದೆ. ಆ ಸಾಲನ್ನು ಸಾಕ್ಷಿ ಕಟ್ಟೆಯಲ್ಲಿ ಡಾಕ್ಟರಿಗೇ ಕೇಳಿರಬೇಕು.

ಆದರೂ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ನಿವೃತ್ತ ಫೊರೆನ್ಸಿಕ್ ಪ್ರೊಫೆಸರ್ ಒಬ್ಬರಿಗೆ ಕಾಗದ ತೋರಿಸಿ ಒಂದು ತಾಸು ಕೂರುತ್ತೇನೆ. ಕೋರ್ಟಿಗೆ ಕೊಡಲು ಅಲ್ಲ, ನನಗೆ ಅರ್ಥವಾಗಲು. ಎಷ್ಟೋ ಸಲ ಅವರು "ವಕೀಲ್ರೇ, ಇದ್ರಲ್ಲಿ ಏನೂ ಇಲ್ಲ, ಡಾಕ್ಟ್ರು ಸರಿಯಾಗೇ ಬರ್ದಿದ್ದಾರೆ" ಎನ್ನುತ್ತಾರೆ. ಆಗ ಆ ಮಾತನ್ನು ಮನೆಯವರಿಗೆ ಹಾಗೇ ಹೇಳುತ್ತೇನೆ. ಎಲ್ಲ ಕೇಸಿನಲ್ಲೂ ಡಾಕ್ಟರು ತಪ್ಪಿರುವುದಿಲ್ಲ, ಸತ್ತವರ ಮನೆಯಲ್ಲೂ ಒಬ್ಬ ತಾಯಿ ಇರುತ್ತಾಳೆ.

ವಿಚಾರಣೆ ಬಂದಾಗ

ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಕೆಳಗಿನ ಕೋರ್ಟಿನ ಕಡತ ತರಿಸಿ, ಪೇಪರ್ ಬುಕ್ (ಕಡತದ ಪ್ರತಿಗಳ ಪುಸ್ತಕ) ಆಗಿ, ಬೋರ್ಡಿಗೆ ಬರುವವರೆಗೆ ಕಾಯಬೇಕು. ಇ-ಕೋರ್ಟ್ಸ್ ಆ್ಯಪಿನಲ್ಲಿ ದಿನಾಂಕ ನೀವೇ ನೋಡಿಕೊಳ್ಳಬಹುದು. ವಕೀಲರು ಹಾಜರಿಲ್ಲ ಎಂದ ಮಾತ್ರಕ್ಕೆ, ಕಡತ ನೋಡದೆ ಅಪೀಲು ವಜಾ ಮಾಡುವಂತಿಲ್ಲ. 1996ರ ಬಾನಿ ಸಿಂಗ್ ತೀರ್ಪು ಅದಕ್ಕಿದೆ.

ಮೆಡಿಕಲ್ ಅಂಶ ಗೆದ್ದರೂ ಕೇಸು ಅಲ್ಲಿಗೇ ಮುಗಿಯದಿರಬಹುದು. ಮನೆಯೊಳಗೆ ಗಂಡ ಹೆಂಡತಿ ಇಬ್ಬರೇ ಇದ್ದರು ಎಂದಾದರೆ ಏನಾಯಿತು ಎಂದು ಅವನು ವಿವರಿಸಬೇಕೆಂದು ಪ್ರಾಸಿಕ್ಯೂಷನ್ ಹೇಳುತ್ತದೆ. ಸಾಕ್ಷ್ಯ ಕಾಯ್ದೆಯ 106 ಅದು, ಈಗ 109. ಸಾವು ಕೊಲೆಯೇ ಎಂದು ಮೊದಲು ಪ್ರಾಸಿಕ್ಯೂಷನ್ ತೋರಿಸಬೇಕು, ಆಮೇಲೆ ಅವನ ಸರದಿ ಎಂಬುದು ನಮ್ಮ ಉತ್ತರ. ಮದುವೆಯಾಗಿ ಏಳು ವರ್ಷದೊಳಗಿನ ಸಾವಾಗಿದ್ದು ವರದಕ್ಷಿಣೆ ಆರೋಪವೂ ಇದ್ದರೆ, ಕೊಲೆ ಬಿದ್ದರೂ ಆ ಆರೋಪ ನಿಲ್ಲಬಹುದು. ಗದಗದ ತಾಯಿಗೆ ಇದನ್ನು ಹೇಳಿದಾಗ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಅವರ ಮಗ ಆ ರಾತ್ರಿ ಆಸ್ಪತ್ರೆಯಲ್ಲಿ 'ಜಾರಿ ಬಿದ್ದಳು' ಎಂದಿದ್ದ. ಕೇಸ್ ಶೀಟಿನಲ್ಲಿ ಅದು ಬರೆದಿತ್ತು. ನೇಣು ಎಂದು ಅವನು ಹೇಳಿದ್ದು ನಾಲ್ಕು ದಿನದ ಮೇಲೆ.

"ಹೆದರಿ ಅಂದಾನ್ರಿ," ಎಂದರು ಆ ತಾಯಿ.

"ಇರಬಹುದು ಯವ್ವಾ. ಇದನ್ನ ಅವರು ಕೇಳೇ ಕೇಳ್ತಾರ. ನಾವು ಮೊದಲ ಉತ್ತರ ರೆಡಿ ಇಟ್ಕೋಬೇಕು."

ಜೀವಾವಧಿ ಕೇಸಿನಲ್ಲಿ ಹೈಕೋರ್ಟಿನಲ್ಲೂ ಸೋತರೆ 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಬಹುದು. ಅಲ್ಲಿಗೆ ಕನ್ನಡದ ಹೇಳಿಕೆಗಳನ್ನೆಲ್ಲ ಇಂಗ್ಲಿಷಿಗೆ ಅನುವಾದ ಮಾಡಿಸಬೇಕು. ಅನುವಾದ ಬಂದ ಮೇಲೆ ಡಾಕ್ಟರ ಹೇಳಿಕೆಯನ್ನು ಮೂಲದ ಜೊತೆ ಇಟ್ಟು ಒಂದೊಂದೇ ಸಾಲು ಓದಿ ನೋಡಿ. ಅಲ್ಲೂ 'ಆಗಬಹುದು' ಎಂಬುದು 'ಆಗಿದೆ' ಆಗಿರುತ್ತದೆ.